ಅಸಲು ಎಡಕ್ಕೆ, ನಕಲು ಬಲಕ್ಕೆ

ನಾನು ವೃತ್ತಿಯಿಂದ ಇಂಜಿನಿಯರ್. ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನ ಒಂದು ಕಾರು ಕಂಪನಿಯಲ್ಲಿ ಹದಿನಾರು ವರ್ಷದಿಂದ ಕಾರಿನ ಬಾಗಿಲ ಕೀಲುಗಳನ್ನು ವಿನ್ಯಾಸ ಮಾಡುತ್ತಿದ್ದೇನೆ. ಬಾಗಿಲ ಕೀಲು ಎಂದ ಕೂಡಲೇ ಜನ ನಗುತ್ತಾರೆ. ಕೀಲು ಸರಿಯಿಲ್ಲದಿದ್ದರೆ ಬಾಗಿಲು ಕೈಗೇ ಬರುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಆದ್ದರಿಂದ ಎದುರು ಮನೆಯ ವಾಲ್ಟರ್ ಒಂದು ಸಂಜೆ ಬಂದು, "ಶ್ರೀ, ಒಂದು ಯಂತ್ರದ ಬಗ್ಗೆ ನಿನ್ನ ತಜ್ಞ ಅಭಿಪ್ರಾಯ ಬೇಕು" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂಬುದೇ ನನ್ನ ಆಶ್ಚರ್ಯ.

ಶ್ರೀಕಂಠ ಎಂಬ ನನ್ನ ಹೆಸರಿನಲ್ಲಿ ವಾಲ್ಟರ್ ಬಾಯಿಗೆ ದಕ್ಕಿದ್ದು ಅಷ್ಟೇ. ಅವರಿಗೆ ಎಪ್ಪತ್ತನಾಲ್ಕು ವರ್ಷ. ಕಾರ್ಖಾನೆಗಳಿಗೆ ಅಚ್ಚು ಮಾಡಿಕೊಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರ ಹವ್ಯಾಸ ಮಾತ್ರ ನಮ್ಮ ಕಡೆಯವರಿಗೆ ಸ್ವಲ್ಪ ವಿಚಿತ್ರ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಅವರು ಎಸೆಯುವುದಿಲ್ಲ. ಗರಾಜಿನಲ್ಲಿ ಕೂತು, ತೊಳೆದು, ಒಂದು ಪ್ರೆಸ್ಸಿನಲ್ಲಿ ಒತ್ತಿ ಆಕಾರಕ್ಕೆ ತಂದು, ಮತ್ತೆ ಮದ್ದು ತುಂಬಿ, ಶನಿವಾರ ಕ್ಲಬ್ಬಿಗೆ ಹೋಗಿ ಕಾಗದದ ಗುರಿಗೆ ಹೊಡೆಯುತ್ತಾರೆ. ಮೊದಲ ಸಲ ಇದನ್ನು ಕೇಳಿದಾಗ ನನ್ನ ಹೆಂಡತಿ ವೀಣಾ, "ನಮ್ಮಮ್ಮ ಉಪ್ಪಿನಕಾಯಿ ಬಾಟ್ಲಿ ಎಸೀದೆ ಇಟ್ಕೊಳ್ಳೋ ಹಾಗೆ ಅನ್ನಿ" ಅಂದಿದ್ದಳು. ಅಲ್ಲಿಗೆ ನಮ್ಮ ಮನೆಯಲ್ಲಿ ಆ ವಿಷಯ ಇತ್ಯರ್ಥವಾಗಿತ್ತು.

ಈಗ ಬಂದಿದ್ದ ಸಮಸ್ಯೆ ಬೇರೆ. ವಾಲ್ಟರ್ ಬಳಿ ನಲವತ್ತು ವರ್ಷದ ಹಳೆಯ ಹಸಿರು ಪ್ರೆಸ್ ಇದೆ. ಇತ್ತೀಚೆಗೆ ಶಿಕಾಗೋ ಕಡೆಯ ಒಂದು ಕಂಪನಿ ಕಿತ್ತಳೆ ಬಣ್ಣದ ಹೊಸ ಪ್ರೆಸ್ ಮಾರುಕಟ್ಟೆಗೆ ಬಿಟ್ಟಿತ್ತು. ಕ್ಲಬ್ಬಿನವರು ನೋಡಲಿ ಅಂತ ಒಂದನ್ನು ಕಳಿಸಿಯೂ ಇತ್ತು. ಡಬ್ಬದ ಮೇಲೆ ದೊಡ್ಡದಾಗಿ 'ಹೊಚ್ಚ ಹೊಸ ವಿನ್ಯಾಸ' ಎಂದು ಬರೆದಿತ್ತು. ಕ್ಲಬ್ಬಿಗೆ ಆರು ಪ್ರೆಸ್ ಬೇಕಾಗಿತ್ತು. ಕೊಳ್ಳೋಣ ಅಂತ ಅರ್ಧ ಜನ, ಇದು ಶುದ್ಧ ನಕಲು, ಮುಟ್ಟಬಾರದು ಅಂತ ಇನ್ನರ್ಧ ಜನ. ಎರಡನೇ ಗುಂಪಿನ ಮುಖಂಡರು ವಾಲ್ಟರ್.

"ಪೇಟೆಂಟು ಮುಗಿದು ಯಾವುದೋ ಕಾಲವಾಯಿತು, ಮಾಡಿಕೊಳ್ಳಲಿ," ಎಂದರು. "ಆದರೆ ಹೊಸ ವಿನ್ಯಾಸ ಅಂತ ಯಾಕೆ ಬರೆಯಬೇಕು? ಮೂವತ್ತು ವರ್ಷದ ಹಿಂದೆ ನಾನು ಕಬ್ಬಿಣದ ತುಂಡನ್ನು ಅಲುಗದಂತೆ ಹಿಡಿದಿಡುವ ಒಂದು ಹಿಡಿಕಟ್ಟು ಮಾಡಿದ್ದೆ, ಶ್ರೀ. ಪಕ್ಕದ ಕಾರ್ಖಾನೆಯವನು ಅದನ್ನೇ ಮಾಡಿ ತನ್ನ ಹೆಸರು ಕೊರೆಸಿಕೊಂಡ. ನಾನು ಸುಮ್ಮನಿದ್ದೆ."

ಅವರು ಅದನ್ನು ಹೇಳಿದ ರೀತಿಗೆ ನನ್ನ ಮನಸ್ಸು ಕರಗಿತು. ಶನಿವಾರದ ಸಭೆಯಲ್ಲಿ ನಾನೇ ಮಾತಾಡುತ್ತೇನೆ ಎಂದೆ. ಎರಡೂ ಪ್ರೆಸ್ಸನ್ನು ನನಗೆ ಕೊಡಿ, ಬಿಚ್ಚಿ, ಅಳೆದು, ಒಂದೊಂದು ಭಾಗವನ್ನೂ ಹೋಲಿಸಿ ವೈಜ್ಞಾನಿಕ ವರದಿ ಮಂಡಿಸುತ್ತೇನೆ ಎಂದೆ. ಅವರು ಕೇಳಿದ್ದು ಒಂದು ಅಭಿಪ್ರಾಯ. ವರದಿ ನನ್ನದೇ ಕೊಡುಗೆ.

ವಾಲ್ಟರ್ ಹಸಿರು ಪ್ರೆಸ್ಸನ್ನು ಎತ್ತಿ ಕೊಡುವಾಗ ಒಂದು ಕ್ಷಣ ತಡೆದರು. "ಇದನ್ನು ಯಾರಿಗೂ ಕೊಟ್ಟಿಲ್ಲ," ಎಂದರು.

"ನೀವು ಕೊಟ್ಟಿರೋದು ಇಂಜಿನಿಯರ್ ಕೈಗೆ," ಎಂದೆ.

ಶುಕ್ರವಾರ ಮಧ್ಯಾಹ್ನ ಬೇಗ ಮನೆಗೆ ಬಂದು ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿದೆ. ವೀಣಾ ಅಡುಗೆಮನೆಯಿಂದ ಬಂದು ನೋಡಿದಳು.

"ಅದರಲ್ಲಿ ಮದ್ದು ಗಿದ್ದು ಏನಾದ್ರೂ ಇದೆಯಾ?"

"ಬರೀ ಕಬ್ಬಿಣ ಕಣೆ."

"ನಾಳೆ ಎಷ್ಟು ಜನ ಇರ್ತಾರೆ?"

"ನಲವತ್ತು ಇರಬಹುದು."

"ಎಲ್ಲರ ಹತ್ರಾನೂ ಗನ್ ಇರುತ್ತೆ. ಅರ್ಧ ಜನಕ್ಕೆ ನೀವು ಹೇಳೋದು ಇಷ್ಟ ಆಗಲ್ಲ. ಭಾಷಣ ಮಾಡೋಕೆ ನಿಮಗೆ ಬೇರೆ ಜಾಗ ಸಿಗ್ಲಿಲ್ವಾ ರೀ?"

ನಾನು ಸ್ಕ್ರೂ ಬಿಚ್ಚತೊಡಗಿದೆ. ವೀಣಾ ಫಾರ್ಮಸಿಸ್ಟ್. ದಿನಕ್ಕೆ ನೂರಾರು ಡಬ್ಬಿಗೆ ಹೆಸರು ಹಚ್ಚುವವಳು. ಸ್ವಲ್ಪ ಹೊತ್ತು ನೋಡಿ, "ಎರಡು ಡಬ್ಬಿ ಕೊಡ್ತೀನಿ. ಹಳೇದು, ಹೊಸದು ಅಂತ ಲೇಬಲ್ ಹಚ್ಚಿ ಅದರೊಳಗೆ ಹಾಕಿ," ಎಂದಳು.

"ಬೇಡ, ನನ್ನ ಹತ್ರ ಪದ್ಧತಿ ಇದೆ."

"ಫೋಟೋನಾದ್ರೂ ತಗೊಳ್ಳಿ."

"ಹದಿನಾರು ವರ್ಷದ ಅನುಭವಕ್ಕೆ ಫೋಟೋ ಯಾಕೆ?"

ಪದ್ಧತಿ ಬಹಳ ಸರಳವಾಗಿತ್ತು. ಪ್ರೆಸ್ಸುಗಳ ಭಾರವಾದ ಹೊರ ಮೈಯನ್ನು, ಅಂದರೆ ಹಸಿರು ಮತ್ತು ಕಿತ್ತಳೆ ಚೌಕಟ್ಟುಗಳನ್ನು, ನೆಲದ ಮೇಲೆ ಇಟ್ಟೆ. ಒಳಗಿನ ಉಕ್ಕಿನ ಭಾಗಗಳು, ಅಂದರೆ ಹಿಡಿ, ಸನ್ನೆ, ಪಿನ್ನುಗಳು, ಮೇಲೆ ಕೆಳಗೆ ಆಡುವ ದಪ್ಪ ಕಂಬ, ಎಲ್ಲಾ ಮೇಜಿನ ಮೇಲೆ. ಅಸಲು ಎಡಕ್ಕೆ, ನಕಲು ಬಲಕ್ಕೆ. ಗ್ರೀಸ್ ಒರೆಸಿ, ಹಳೆಯದರ ಕಪ್ಪನ್ನೆಲ್ಲಾ ಉಜ್ಜಿ ತೆಗೆದ ಮೇಲೆ ಎರಡು ಸಾಲೂ ಒಂದೇ ಥರ ಹೊಳೆಯತೊಡಗಿದವು. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು.

ಅಷ್ಟರಲ್ಲಿ ವೀಣಾ ಕಾಫಿಗೆ ಕರೆದಳು. ಕಾಫಿ ಕುಡಿದು ಬಂದೆ. ಕಿಟಕಿಯಿಂದ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಅಳತೆಯ ಗೆರೆ ಕಾಣಿಸುತ್ತಿರಲಿಲ್ಲ. ಹಾಗಾಗಿ ಮೇಜಿನ ಆ ಕಡೆಯ ಕುರ್ಚಿಗೆ ಹೋಗಿ ಕೂತೆ.

ಓದುಗರಿಗೆ ಈಗಾಗಲೇ ಅರ್ಥವಾಗಿರಬೇಕು. ನನಗೆ ಆಗಲಿಲ್ಲ.

ಎರಡು ಗಂಟೆ ಕಾಲ ಅಳೆದೆ. ಅಸಲು ಎಡಕ್ಕೆ, ನಕಲು ಬಲಕ್ಕೆ ಎಂದುಕೊಳ್ಳುತ್ತಾ ಇಪ್ಪತ್ತಮೂರು ಅಳತೆ ಬರೆದುಕೊಂಡೆ, ಸ್ಲೈಡುಗಳಿಗೆಂದು ಚಿತ್ರಗಳನ್ನೂ ಆಗಲೇ ತೆಗೆದುಕೊಂಡೆ. ಫಲಿತಾಂಶ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಅಸಲಿನ ಕಂಬದಲ್ಲಿ ಕೂದಲಷ್ಟೂ ಸವಕಳಿ ಇಲ್ಲ. ನಕಲಿನ ಕಂಬ ಆಗಲೇ ಸವೆದುಹೋಗಿದೆ, ಪಿನ್ನುಗಳು ಸಡಿಲ. ನಲವತ್ತು ವರ್ಷದ ಯಂತ್ರ ಹೊಸದರಂತೆ, ಹೊಸ ಯಂತ್ರ ನಲವತ್ತು ವರ್ಷದ್ದರಂತೆ. ಇಂಥ ಸ್ಪಷ್ಟವಾದ ಫಲಿತಾಂಶ ನನ್ನ ವೃತ್ತಿಜೀವನದಲ್ಲೇ ಸಿಕ್ಕಿರಲಿಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು. ಬಂದದ್ದು ಆನಂದ.

ಎಡಗಡೆಯ ಭಾಗಗಳನ್ನು ಹಸಿರು ಚೌಕಟ್ಟಿಗೆ, ಬಲಗಡೆಯವನ್ನು ಕಿತ್ತಳೆಗೆ ಜೋಡಿಸಿದೆ. ಎರಡೂ ಲಕ್ಷಣವಾಗಿ ಕೂತವು. ಒಂದು ಪಿನ್ನು ಕೂಡ ತಕರಾರು ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ವಾಲ್ಟರ್ ಟ್ರಕ್ಕಿನಲ್ಲಿ ಕ್ಲಬ್ಬಿಗೆ ಹೋದೆವು. ಐವತ್ತು ಮೈಲಿ. ಹೊರಡುವ ಮುಂಚೆ ಅವರು ತಮ್ಮ ಹಸಿರು ಪ್ರೆಸ್ಸಿನ ಹಿಡಿಯನ್ನು ಒಮ್ಮೆ ಎಳೆದು ನೋಡಿದರು. ಇನ್ನೊಮ್ಮೆ ಎಳೆದರು. ಮುಖ ಅರಳಿತು.

"ಬೆಣ್ಣೆ," ಎಂದರು. "ಕೊಂಡ ದಿನ ಹೇಗಿತ್ತೋ ಹಾಗೇ ಇದೆ. ಆ ಕಾಲದ ಕೆಲಸ ಅಂದರೆ ಇದು. ಏನು ಮಾಡಿದೆ ಇದಕ್ಕೆ?"

"ಸ್ವಲ್ಪ ಗ್ರೀಸ್ ಹಾಕಿದೆ ಅಷ್ಟೆ," ಎಂದು ವಿನಯದಿಂದ ಹೇಳಿದೆ.

ಕ್ಲಬ್ಬಿನ ಸಭಾಂಗಣದಲ್ಲಿ ಮಡಚುವ ಕುರ್ಚಿಗಳು, ಕಾಫಿ, ಡೋನಟ್. ಅಧ್ಯಕ್ಷೆ ಡೋರತಿ ಎಂಬ ನಿವೃತ್ತ ಸ್ಕೂಲ್ ಟೀಚರ್. ಮುಂದಿನ ಸಾಲಿನಲ್ಲಿ ಕಂಪನಿಯ ಪ್ರತಿನಿಧಿ ಕೂತಿದ್ದರು. ನೋಡಿದರೆ ನಮ್ಮವರ ಹಾಗೆ ಕಂಡರು. ಕೈ ಕುಲುಕಿ ಹೆಸರು ಹೇಳಿಕೊಂಡೆವು. ಅವರು ನನ್ನ ಹೆಸರು ಕೇಳಿದ ಕೂಡಲೇ, "ಕನ್ನಡದವ್ರೇನ್ರಿ?" ಎಂದರು.

ಬಸವರಾಜ್ ಅಂತ. ಧಾರವಾಡದವರು. ಬೋಲಿಂಗ್‌ಬ್ರೂಕ್‌ನಲ್ಲಿರುವ ಆ ಕಂಪನಿಯ ಗೋದಾಮಿನ ಮ್ಯಾನೇಜರ್. ಮಾರಾಟದವನಿಗೆ ಜ್ವರ ಬಂದದ್ದರಿಂದ ಇವರನ್ನು ಅಟ್ಟಿದ್ದರು. ಕತ್ತಲಲ್ಲೇ ಎದ್ದು ಮುನ್ನೂರು ಮೈಲಿ ಹತ್ತಿರ ಡ್ರೈವ್ ಮಾಡಿಕೊಂಡು ಬಂದಿದ್ದರು. "ಈ ಆರ್ಡರ್ ಸಿಕ್ರ ನಮಗ ಮಿಶಿಗನ್ ಬಾಗಲಾ ತಗದಂಗ್ರಿ," ಎಂದು ನಕ್ಕರು. ಅವರನ್ನು ಸೋಲಿಸಲು ಬಂದವನು ನಾನು ಎಂದು ಹೇಳಲು ನಾಲಿಗೆ ಏಳಲಿಲ್ಲ. ಡೋನಟ್ ತಿಂದೆ.

ಸಭೆ ಶುರುವಾಯಿತು. ನನ್ನ ಹದಿನಾಲ್ಕು ಸ್ಲೈಡುಗಳು ಗೋಡೆಯ ಮೇಲೆ ಬೆಳಗಿದವು. ಮೊದಲು ಎರಡೂ ಯಂತ್ರದ ಅಳತೆ ಒಂದೇ ಎಂದು ತೋರಿಸಿದೆ. ವಾಲ್ಟರ್ ಕಡೆಯವರು ತಲೆಯಾಡಿಸಿದರು. ಆಮೇಲೆ ಗುಣಮಟ್ಟಕ್ಕೆ ಬಂದೆ. ಡೋರತಿಯವರ ಅನುಮತಿ ಪಡೆದು ಎರಡೂ ಕಂಬಗಳನ್ನು ಹೊರಗೆ ಎಳೆದು, ಎರಡು ಕೈಯಲ್ಲಿ ಒಂದೊಂದು ಹಿಡಿದುಕೊಂಡೆ.

"ನೋಡಿ, ಇದು ನಲವತ್ತು ವರ್ಷ ದುಡಿದ ಅಸಲು. ಕನ್ನಡಿಯಂತೆ ಇದೆ. ಇದು ನಕಲು. ಹೊಸದು ಅನ್ನುತ್ತಾರೆ, ಆಗಲೇ ಗೀರು ಬಿದ್ದಿದೆ, ಸವೆದಿದೆ. ಕಳಪೆ ಉಕ್ಕು. ಕೆಲಸಗಾರಿಕೆ ಅನ್ನುವುದು ಇದರ ಹತ್ತಿರ ಸುಳಿದೇ ಇಲ್ಲ."

ಮುಂದಿನ ಸಾಲಿನಿಂದ ಮೆಲ್ಲಗೆ ಕನ್ನಡ ಕೇಳಿಸಿತು. "ಸರ್, ಅದು ನಮ್ದಲ್ರಿ."

ನಾನು ಗಮನಿಸದವನಂತೆ ಮುಂದಿನ ಸ್ಲೈಡಿಗೆ ಹೋದೆ.

"ಸರ್," ಬಸವರಾಜ್ ಮತ್ತೆ, ಮುಖದಲ್ಲಿ ನಗು ಕದಲಿಸದೆ, "ನಿಮ್ಮ ಬಲಗೈಯಾಗ ಇರೋದು ನಮ್ದಲ್ಲ. ಎಡಗೈಯಾಗಿಂದು ನಮ್ದು. ದಿನಾ ಸಾವಿರ ಪೀಸ್ ನೋಡ್ತೀನ್ರಿ. ನಿಂದರ್ರಿ, ಮುಂದ ಹೇಳಬ್ಯಾಡ್ರಿ."

ಆ ಮನುಷ್ಯ ನನ್ನ ಮಾನ ಕಾಪಾಡಲು ನೋಡುತ್ತಿದ್ದರು. ನನಗೋ ಎದುರಾಳಿಯ ತಂತ್ರ ಎನಿಸಿತು. ಕನ್ನಡ ಮಾತಾಡಿ ನನ್ನನ್ನು ಬಗ್ಗಿಸಲು ನೋಡುತ್ತಿದ್ದಾರೆ ಎಂದುಕೊಂಡು, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಘೋಷಿಸಿದೆ: "ಕಂಪನಿಯವರು ಇದು ತಮ್ಮದಲ್ಲ ಎನ್ನುತ್ತಿದ್ದಾರೆ. ತಮ್ಮ ಮಾಲನ್ನು ತಾವೇ ಒಪ್ಪಿಕೊಳ್ಳಲು ಅವರಿಗೆ ನಾಚಿಕೆ."

ಸಭೆಯಲ್ಲಿ ನಗು. ಚಪ್ಪಾಳೆ. ನಾನು ಸ್ವಲ್ಪ ಬಗ್ಗಿ ಸ್ವೀಕರಿಸಿದೆ.

ವಾಲ್ಟರ್ ಮಾತ್ರ ನಗಲಿಲ್ಲ. ಎದ್ದು ಬಂದು, ನನ್ನ ಬಲಗೈಯಿಂದ ಆ ಕಳಪೆ ಕಂಬವನ್ನು ತೆಗೆದುಕೊಂಡರು. ಕನ್ನಡಕ ಏರಿಸಿ, ಅದನ್ನು ಬುಡಮೇಲು ಮಾಡಿ ನೋಡಿದರು. ಅಚ್ಚು ಕೆಲಸದವರು ತಮ್ಮ ಉಪಕರಣದ ಮೇಲೆಲ್ಲಾ ಹೆಸರಿನ ಅಕ್ಷರ ಕುಟ್ಟಿಟ್ಟುಕೊಳ್ಳುತ್ತಾರಂತೆ. ಕಂಬದ ಬುಡದಲ್ಲಿ ಎರಡು ಪುಟ್ಟ ಅಕ್ಷರಗಳಿದ್ದವು. ಇಪ್ಪತ್ತಮೂರು ಅಳತೆ ತೆಗೆದ ನಾನು ಬುಡ ನೋಡಿರಲಿಲ್ಲ.

"ಇದು ನನ್ನದು, ಶ್ರೀ," ಎಂದರು ಮೆಲ್ಲಗೆ.

ನನ್ನ ಹಿಂದೆ ಗೋಡೆಯ ಮೇಲೆ ಒಂಬತ್ತನೇ ಸ್ಲೈಡು, 'ಕಳಪೆ ಉಕ್ಕಿನ ಲಕ್ಷಣಗಳು' ಎಂಬ ದಪ್ಪ ಶೀರ್ಷಿಕೆಯಡಿ ವಾಲ್ಟರ್ ಅವರ ಕಂಬದ ಚಿತ್ರ ತೋರಿಸುತ್ತಾ ನಿಂತಿತ್ತು. ಅದನ್ನು ಆರಿಸಲು ಹೋಗಿ ಹತ್ತನೆಯದಕ್ಕೆ ಹಾರಿದೆ. ಅದರಲ್ಲಿ ಅದೇ ಚಿತ್ರ ಇನ್ನೂ ದೊಡ್ಡದಾಗಿತ್ತು.

ಮೇಜಿನ ಆ ಕಡೆ, ಈ ಕಡೆ, ಬಿಸಿಲು, ಕಾಫಿ ಎಲ್ಲವನ್ನೂ ವಿವರಿಸಿದೆ. ನನ್ನ ಹದಿನಾಲ್ಕು ಸ್ಲೈಡುಗಳಿಗಿಂತ ಅದನ್ನೇ ಜನ ಹೆಚ್ಚು ಗಮನ ಕೊಟ್ಟು ಕೇಳಿದರು. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಡೋರತಿ ಮೇಜು ಕುಟ್ಟಿ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ದನಿಯಲ್ಲಿ ಹೇಳಿದರು:

"ಇದರ ಎಲ್ಲಾ ಭಾಗ ಅದಕ್ಕೆ, ಅದರ ಎಲ್ಲಾ ಭಾಗ ಇದಕ್ಕೆ ಸರಿಯಾಗಿ ಕೂತಿವೆ. ಹಾಗಾದರೆ ನಕಲು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ವಾಲ್ಟರ್, ನೀನು ಬೆಳಿಗ್ಗೆ ಹಿಡಿ ಎಳೆದು ಬೆಣ್ಣೆ ಅಂದೆ ಅಂತ ಬಂದ ಕೂಡಲೇ ಎಲ್ಲರಿಗೂ ಹೇಳಿದೆ. ಹಾಗಾದರೆ ಒಳ್ಳೆ ನಕಲು ಅನ್ನುವುದರಲ್ಲೂ ಅನುಮಾನ ಉಳಿಯಲಿಲ್ಲ."

ಎರಡು ಗುಂಪಿನವರೂ ತಾವೇ ಗೆದ್ದೆವೆಂದು ಚಪ್ಪಾಳೆ ತಟ್ಟಿದರು. ಸೋತವನು ನಾನೊಬ್ಬನೇ.

ವಾಲ್ಟರ್ ಎದ್ದು ಬಸವರಾಜ್ ಮುಂದೆ ನಿಂತರು. "ಯಂತ್ರ ಚೆನ್ನಾಗಿದೆ. ಒಪ್ಪುತ್ತೇನೆ. ಡಬ್ಬದ ಮೇಲಿನ ಆ ಮಾತು ಮಾತ್ರ ಸುಳ್ಳು."

ಬಸವರಾಜ್ ಸ್ವಲ್ಪ ಯೋಚಿಸಿ, "ಹೌದು, ಸುಳ್ಳು," ಎಂದರು. "ಮಾಲೀಕರಿಗೆ ಹೇಳುತ್ತೇನೆ. ಆ ಮಾತು ತೆಗೆಸದೆ ನಿಮಗೆ ಒಂದು ಡಬ್ಬವನ್ನೂ ಕಳಿಸುವುದಿಲ್ಲ."

ಆ ಷರತ್ತಿನ ಮೇಲೆ ಆರು ಪ್ರೆಸ್ಸಿಗೆ ಆರ್ಡರ್ ಆಯಿತು. ಕೈಯೆತ್ತಿದವರಲ್ಲಿ ವಾಲ್ಟರ್ ಕೂಡ ಇದ್ದರು.

ವಾಪಸ್ ಬರುವಾಗ ಅವರು ರಸ್ತೆಯ ಮೇಲೇ ಕಣ್ಣಿಟ್ಟು ಟ್ರಕ್ ಓಡಿಸಿದರು. ಸ್ನೇಹ ಮುಗಿಯಿತು ಎಂದುಕೊಂಡು ಕಿಟಕಿಯಾಚೆ ನೋಡುತ್ತಿದ್ದೆ. ಹೆದ್ದಾರಿಯಿಂದ ಇಳಿಯುವ ನಮ್ಮ ಎಕ್ಸಿಟ್ ಹತ್ತಿರ ಬಂದಾಗ ಅವರ ಭುಜ ಅಲ್ಲಾಡತೊಡಗಿತು. ನಗು ತಡೆಯಲಾಗದೆ ಟ್ರಕ್ಕನ್ನು ಪೆಟ್ರೋಲ್ ಬಂಕಿಗೆ ತಿರುಗಿಸಿ ನಿಲ್ಲಿಸಿದರು. "ಕಳಪೆ ಉಕ್ಕು!" ಎಂದು ಸ್ಟಿಯರಿಂಗ್ ಮೇಲೆ ಹೊಡೆದುಕೊಂಡು ನಕ್ಕರು. ಅಂದು ಮಧ್ಯಾಹ್ನ ಅವರ ಗರಾಜಿನಲ್ಲಿ ಕೂತು ಪ್ರೆಸ್ಸುಗಳನ್ನು ಸರಿಯಾಗಿ ಜೋಡಿಸಿದೆವು. ಜೋಡಿಸಿದ್ದು ಅವರು. ನನಗೆ ಟಾರ್ಚ್ ಹಿಡಿಯುವ ಕೆಲಸ ಕೊಟ್ಟಿದ್ದರು.

ಒಂದು ತಿಂಗಳಾದ ಮೇಲೆ ಬಸವರಾಜ್ ಫೋನ್ ಮಾಡಿದರು. ಡಬ್ಬದ ಮೇಲಿನ ಮಾತು ತೆಗೆಸಿದ್ದಾಯಿತು ಎಂದು ತಿಳಿಸಿ, "ಹಂಗಽ ಒಂದು ಕೆಲಸ ಇತ್ರೀ ಸರ್. ಪ್ರೆಸ್ ಜೋಡಿಸೋದಕ್ಕ ಹೊಸಾ ಕೈಪಿಡಿ ಬರದೀವಿ. ನೀವು ಒಂದ್ ಸಲ ಓದಿ ನೋಡ್ಬೇಕು," ಎಂದರು.

ನನ್ನ ಎದೆ ಉಬ್ಬಿತು. ಸ್ಪೀಕರ್ ಹಾಕಿ, ವೀಣಾಗೆ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ, "ಅಂದ್ರೆ, ತಾಂತ್ರಿಕ ಸಲಹೆ ಬೇಕಿತ್ತಾ?" ಎಂದೆ.

"ಹಂಗಲ್ರೀ," ಎಂದರು ಬಸವರಾಜ್, ಬಹಳ ಸಂಕೋಚದಿಂದ. "ನಿಮಗ ತಿಳಿತಂದ್ರ ಯಾರಿಗಾದ್ರೂ ತಿಳಿತದ ಅಂತ ನಮ್ಮ ಮಾಲಕ್ರು ಅಂದ್ರು."

ಹನ್ನೆರಡು ಪುಟದ ಕೈಪಿಡಿ. ಶ್ರದ್ಧೆಯಿಂದ ಓದಿ, ನನ್ನ ಟಿಪ್ಪಣಿಗಳೊಂದಿಗೆ ಕಳಿಸಿದ್ದೇನೆ. ಐದನೇ ಪುಟವನ್ನು ಈಗ ಅವರು ಮೊದಲಿಂದ ಬರೆಯುತ್ತಿದ್ದಾರಂತೆ.