ಮೂರನೇ ಕೈಯ ಗಾಡಿಗೆ ಒಂದೇ ಚಾವಿ

ಹಳೇ ಗಾಡಿ ಕೊಂಡವರಿಗೆ ಅದರ ಜೊತೆ ಕಥೆಗಳು ಪುಕ್ಕಟೆ ಬರುತ್ತವೆ. ನನಗೆ ಒಂದೇ ವಾರದಲ್ಲಿ ಮೂರು ಬಂದವು.

ನನ್ನ ದುಡಿಮೆಯ ಮೊದಲ ಕಾರು ಅದು. ನಾನು ಮೂರನೇ ಮಾಲೀಕಳು. ಅದರ ಜೊತೆ ಬಂದದ್ದು ಒಂದೇ ಚಾವಿ, ಮತ್ತು ಮೊದಲ ಮಾಲೀಕರು ಮುಂದಿನ ಬಂಪರಿಗೆ ಕಟ್ಟಿದ್ದ ಕೆಂಪು ಬಟ್ಟೆಯ ದೃಷ್ಟಿಗಂಟು. ಅದನ್ನು ಬಿಚ್ಚಲು ಅವ್ವ ಬಿಡಲಿಲ್ಲ. ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚುತ್ತಿದ್ದಳು.

ಚಾವಿಯನ್ನು ನಾನು ಕೋಠಿ ಬಜಾರಿನ ಗದ್ದಲದಲ್ಲಿ ಕಳೆದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಆಯ್ತವಾರದೊಳಗ ಗಾಡಿ ಚಾಲೂ ಆಗಲಿಲ್ಲಂದ್ರ ಮಾರಿಬಿಡೂಣು. ಹಳೇ ಗಾಡಿ ಸಂಭಾಳಿಸಾಕ ಬಾಯಿ ಬೇಕು. ನೀ ನೋಡಿದ್ರ ಆಟೋದಾವಗ ನಿಲ್ಸು ಅನ್ನಾಕೂ ನಾಚ್ಕೊಂಡು ಮುಂದಿನ ಸ್ಟಾಪಿನ್ಯಾಗ ಇಳಿಯಾಕಿ."

ಇದು ಸುಳ್ಳಲ್ಲ. ಅದಕ್ಕೇ ಸಿಟ್ಟು ಬಂತು.

೧. ಶೋರೂಮ್

ಈ ತೆಲುಗು ಊರಿನಲ್ಲಿ ನಾವು ಕನ್ನಡದವರು. "ಈ ಗಾಡಿಗೆ ಇನ್ನೊಂದು ಚಾವಿ ಸಿಗುತ್ತದೆಯೇ?" ಅನ್ನುವ ಒಂದು ತೆಲುಗು ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಶೋರೂಮಿನ ಬಾಗಿಲು ತೆರೆದೊಡನೆ ಎಸಿ ಗಾಳಿಗೆ ಅದು ಹಾರಿಹೋಯಿತು. ಟೈ ಕಟ್ಟಿದವರೊಬ್ಬರು ಕೂರಿಸಿ, ತಣ್ಣನೆಯ ಜ್ಯೂಸ್ ಕೊಟ್ಟು, ಹೊಸ ಕಾರಿನ ಗುಣಗಾನ ಶುರುಮಾಡಿದರು. ನಡುವೆ ಬಾಯಿ ಹಾಕುವುದು ಹೇಗೆಂದು ತಿಳಿಯದೆ ನಾನು ತಲೆಯಾಡಿಸುತ್ತ ಹೋದೆ. ಅರ್ಧ ಗಂಟೆಯ ಮೇಲೆ ಮೆಲ್ಲಗೆ, "ಸರ್, ನನಗೆ ಚಾವಿ ಬೇಕಿತ್ತು" ಅಂದೆ. ತಕ್ಷಣ ಕೈಗಿಟ್ಟರು, ಹೊಸ ಕಾರಿನದು.

ನಾನು ನನ್ನ ಗಾಡಿಯ ಫೋಟೋ ತೋರಿಸಿದೆ. ಅವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಅರ್ಧ ಉಳಿದಿದ್ದ ಜ್ಯೂಸ್ ಗ್ಲಾಸನ್ನು ಸದ್ದಿಲ್ಲದೆ ತಮ್ಮ ಕಡೆ ಎಳೆದುಕೊಂಡರು.

೨. ಚಾಚಾ

ಕೋಠಿಯ ಫುಟ್‌ಪಾತಿನಲ್ಲಿ ಚಾವಿ ಮಾಡುವ ಮುದುಕರೊಬ್ಬರಿದ್ದರು. ಅವರನ್ನು ಆಟೋದಲ್ಲಿ ಮನೆಗೆ ಕರೆತಂದೆ. ಈ ಸಲ ನಿಲ್ಲಿಸಬೇಕಾದಲ್ಲೇ "ನಿಲ್ಲಿಸಿ" ಅಂದೆ.

ಗಾಡಿ ನೋಡಿ ಅವರು ಕೇಳಿದರು: "ಗಾಡಿ ಕಿಸ್ಕಿ ಬೇಟಾ?"

"ನಂದೇ, ಚಾಚಾ." ಆರ್‌ಸಿ ತೋರಿಸಿದೆ.

"ಕಾಗದ ಯಾರು ಬೇಕಾದರೂ ತೋರಿಸ್ತಾರೆ. ಗಾಡಿ ಬಗ್ಗೆ ಹೇಳು."

ನನಗೆಲ್ಲಿಂದ ಬಂತೋ ಮಾತು. ಎಡಗಡೆ ಹಿಂದಿನ ಕಿಟಕಿ ಇಳಿಯುತ್ತದೆ, ಏರುವುದಿಲ್ಲ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಮಾತ್ರ ಹಾರ್ನ್ ಹೊಡೆಯುತ್ತದೆ. ವೈಪರ್ ಮಳೆ ನಿಂತ ಮೇಲೆ ಎಚ್ಚರಾಗುತ್ತದೆ. ಇನ್ನೂ ಹೇಳುವವಳಿದ್ದೆ. ಚಾಚಾ ಕೈ ಅಡ್ಡ ಹಿಡಿದರು.

"ಬಸ್, ಬಸ್. ನಿನ್ನದೇ. ಕಳ್ಳರು ಯಾವತ್ತೂ ಗಾಡಿನ ಹೊಗಳ್ತಾರೆ."

೩. ಗಂಟು

ಚಾವಿಯೊಳಗೆ ಚಿಪ್ ಗಿಪ್ ಇಲ್ಲದ ಕಾಲದ ಗಾಡಿ. ಚಾಚಾ ಹಲ್ಲಿಲ್ಲದ ಖಾಲಿ ಚಾವಿಯನ್ನು ಬೀಗಕ್ಕೆ ತೂರಿಸಿ, ಬಿದ್ದ ಗೀರು ನೋಡಿ ನೋಡಿ ಅರದಿಂದ ಉಜ್ಜಿದರು. ಹತ್ತಾರು ಸಲ ಉಜ್ಜಿದ ಮೇಲೆ ಬಾಗಿಲು ತೆರೆಯಿತು, ಗಾಡಿಯೂ ಚಾಲೂ ಆಯಿತು. ಅದು ಶನಿವಾರ, ಅಪ್ಪನ ಗಡುವಿಗೆ ಇನ್ನೂ ಒಂದು ದಿನವಿತ್ತು. ನಾನು ಹಾರ್ನ್ ಹೊಡೆದೆ, ಸ್ಟೀರಿಂಗ್ ಬಲಕ್ಕೆ ತಿರುಗಿಸಿಯೇ.

ಅಪ್ಪ ಕೆಳಗೆ ಬಂದು ಚಾವಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇನ್ನೊಂದು ಇರ್ಲಿಲ್ಲೇನು?" ಅಂದರು, ಸೋಲೊಪ್ಪಲು ಮನಸ್ಸಿಲ್ಲದೆ.

ಗಾಡಿಯೊಳಗಿನ ಹಳೇ ಇನ್ಶುರೆನ್ಸ್ ಕಾಗದದಲ್ಲಿ ಮೊದಲ ಮಾಲೀಕರ ನಂಬರ್ ಇತ್ತು. ಎಲ್ಲರ ಎದುರೇ ಫೋನ್ ಮಾಡಿದೆ. ಮರೆತಿದ್ದ ತೆಲುಗು ವಾಕ್ಯ ಈಗ ನೆಟ್ಟಗೆ ಬಂತು. ಆ ಕಡೆಯ ಹಿರಿಯರಿಗೆ ನನ್ನ ಪ್ರಶ್ನೆಯೇ ಸೋಜಿಗ: "ಇನ್ನೊಂದು ಚಾವಿ ಬಂಪರಿನ ಕೆಂಪು ಗಂಟಿನಲ್ಲೇ ಇದೆಯಲ್ಲಮ್ಮಾ. ದೃಷ್ಟಿಗಂಟನ್ನು ಕಳ್ಳನೂ ಮುಟ್ಟುವುದಿಲ್ಲ ಅಂತ ನಾನೇ ಕಟ್ಟಿದ್ದೆ."

ಬಿಚ್ಚಿದರೆ ನಿಂಬೆಹಣ್ಣಿಲ್ಲ, ಪಟಿಕವಿಲ್ಲ. ಹೊಳೆಯುವ ಚಾವಿ.

ಚಾಚಾ ನಕ್ಕು ನಕ್ಕು ಅಲ್ಲೇ ಕೂತರು. ಅಪ್ಪ ಮಾತ್ರ ನಗಲಿಲ್ಲ. ಆ ಹಳೇ ಚಾವಿಯನ್ನು ಮತ್ತೆ ಗಂಟಿಗೇ ಕಟ್ಟಿ, "ನಾವು ನನ್ನ ಮಗಳು ಮಾಡಿಸಿದ ಚಾವಿಯಿಂದನ ಗಾಡಿ ನಡಸೂಣು" ಅಂದರು. ನಾನು ಕಣ್ಣಿಗೆ ಧೂಳು ಬಿತ್ತೆಂದು ಆಚೆ ತಿರುಗಿದೆ.

ಮುಂದಿನ ಶುಕ್ರವಾರ ಅವ್ವ ಗಂಟಿಗೆ ಎಂದಿಗಿಂತ ದಪ್ಪಗೆ ಕುಂಕುಮ ಹಚ್ಚುತ್ತಿದ್ದಳು. "ಅವ್ವಾ, ಅದರಾಗ ದೇವರಿಲ್ಲ, ಚಾವಿ ಐತಿ" ಅಂದೆ.

"ಮತ್ತ? ನಾ ಮೊದ್ಲಿಂದ ಏನ್ ಹೇಳ್ಕೋತ ಬಂದೀನಿ," ಅಂದಳು, "ಗಾಡಿ ಚಾಲೂ ಆಗೂ ಶಕ್ತಿ ಎಲ್ಲಾ ಈ ಗಂಟಿನ್ಯಾಗ ಐತಿ ಅಂತ."