ಒಂದೂವರೆ ಟನ್ ತಂಪು

ಮನುಷ್ಯನಿಗೆ ಏನೂ ಗೊತ್ತಿಲ್ಲದಿದ್ದರೂ ಹೇಗೋ ನಡೆದೀತು. ಒಂದೇ ಒಂದು ವಿಷಯ ಮಾತ್ರ ಚೆನ್ನಾಗಿ ಗೊತ್ತಿರಬಾರದು. ನನಗೆ ತೂಕ ಗೊತ್ತಿತ್ತು. ಬೆಟಗೇರಿಯ ಅರಳೆ ದಲಾಲರೊಬ್ಬರ ಅಂಗಡಿಯಲ್ಲಿ ನಾನು ಗುಮಾಸ್ತ. ಅರಳೆ ತುಂಬಿದ ಅಂಡಿಗೆಯನ್ನು, ಅಂದರೆ ದೊಡ್ಡ ಮೂಟೆಯನ್ನು, ಕಣ್ಣಿನಲ್ಲೇ ತೂಗಿ ಹೇಳುತ್ತಿದ್ದೆ. ತಕ್ಕಡಿ ಆಮೇಲೆ ಹೌದೆನ್ನುತ್ತಿತ್ತು. ಮನೆಯಲ್ಲಿ ಹೆಂಡತಿ ಬದನೆಕಾಯಿ ತಂದರೂ ಕೈಯಲ್ಲಿ ಹಿಡಿದು, “ಪಾವಕಿಲೋಕ್ಕ ಕಡಿಮಿ ಐತಿ” ಅನ್ನುತ್ತಿದ್ದೆ. “ಒಮ್ಮೆ ನಿಮ್ಮ ತಲಿ ತೂಗಿ ನೋಡ್ಕೊಳ್ರಿ” ಅನ್ನುತ್ತಿದ್ದಳು ಆಕೆ. ಆಗಲೇ ತೂಗಿಕೊಳ್ಳಬೇಕಿತ್ತು.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಶಿವರಾತ್ರಿಗೆ ಶಿವಶಿವಾ ಎಂದು ಹೋಗಬೇಕಾದ ಚಳಿ, ಸಂಕ್ರಾಂತಿಯ ಎಳ್ಳು ಹಂಚುವ ಮೊದಲೇ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ನಮ್ಮ ಸಾಹುಕಾರರ ಖೋಲಿಗೆ ಮೊದಲು ಒಂದು ಫ್ಯಾನು ಸಾಕಿತ್ತು, ಆಮೇಲೆ ಎರಡಾದವು. ಆ ಬೇಸಿಗೆಯಲ್ಲಿ ಎರಡೂ ಸೇರಿ ಬಿಸಿಗಾಳಿಯನ್ನೇ ತಿರುವಿ ಹಾಕತೊಡಗಿದವು.

“ಗುಮಾಸ್ತರ, ಮುಂಬೈ ಮಿಲ್ಲಿನವರು ಮುಂದಿನ ಸೋಮವಾರ ಖರೀದಿಗೆ ಬರ್ತಾರ. ಅವರು ಬೆವರಿದ್ರ ಸೌದಾ ಕೆಡ್ತೈತಿ” ಎಂದರು ಸಾಹುಕಾರರು. “ಒಂದೂವರೆ ಟನ್ನಿನ ಏಸಿ ಹೇಳೇನಿ. ವಾಯರಮನ್ ಬಂದು ಖೋಲಿಯ ಪಡುವಣ ಕಿಟಕಿ ಆರಿಸಿ ಹೋಗ್ಯಾನ. ಇಳಿಸೋ ಬಂದೋಬಸ್ತ್ ನಿಮ್ದು.” ಇಷ್ಟು ಹೇಳಿ ಹುಬ್ಬಳ್ಳಿಗೆ ಹೋದರು.

ಒಂದೂವರೆ ಟನ್! ಅಷ್ಟು ಭಾರವನ್ನು ಕಿಟಕಿಗೆ ಏರಿಸಬೇಕಾದರೆ ಲಾರಿ ಗೋಡೆಗೆ ತಾಗಿ ನಿಲ್ಲಬೇಕು. ನಿಲ್ಲೋಣವೆಂದರೆ ಅಡ್ಡ ಒಂದು ಬೇವಿನ ಗಿಡ. ಎಂಟು ಜನ ಹಮಾಲರಿಗೆ ಹೇಳಿದೆ, ಕಿಟಕಿಯ ಕೆಳಗೆ ಕಲ್ಲಿನ ಕಟ್ಟೆ ಕಟ್ಟಿಸಿದೆ, ಗಿಡ ಕಡಿಸಿದೆ. ಅದರ ಬುಡದಲ್ಲಿ ಛತ್ರಿ ರಿಪೇರಿ ಮಾಡಿಕೊಂಡು ಕೂರುತ್ತಿದ್ದ ಖಾದರಸಾಬರು ಗಾಬರಿಯಾಗಿ ಎದ್ದು ನಿಂತರು.

“ಸಾಹುಕಾರ್ರಿಗೆ ತಂಪು ಮಾಡಾಕ ನನ್ನ ತಂಪು ಕಡೀತೀರೇನ್ರಿ?”

“ನಿಮ್ಮ ಕಡೆ ಇಷ್ಟು ಛತ್ರಿ ಅದಾವಲ್ರಿ, ನಿಮಗ್ಯಾಕ ಚಿಂತಿ?”

“ಅವು ಮಂದಿ ಛತ್ರಿ ರೀ. ರಿಪೇರಿಗೆ ಬಂದದ್ದನ್ನ ಬಿಚ್ಚಿಕೊಂಡು ಕುಂದ್ರಾಕ ಬರ್ತೈತೇನು?”

ಅವರು ಗಂಟುಮೂಟೆ ಕಟ್ಟಿಕೊಂಡು ರಸ್ತೆಯಾಚೆ ಒಂದು ಗೋಡೆಯ ಗೇಣು ನೆರಳಿಗೆ ಹೋದರು. ಪಾಪ ಅನ್ನಿಸಿತು. ಆದರೆ ಒಂದೂವರೆ ಟನ್ನಿನ ಮುಂದೆ ಪಾಪದ ತೂಕವೆಷ್ಟು?

ಭಾನುವಾರ ಬೆಳಿಗ್ಗೆಯೇ ಏಸಿ ಬಂತು. ಇಬ್ಬರು ಹಮಾಲರು ಅದನ್ನು ಇಳಿಸಿ, ಬೀಡಿ ಕೂಡ ಬಾಯಿಂದ ತೆಗೆಯದೆ ಬಾಗಿಲಿನಿಂದಲೇ ಒಳಗೆ ಒಯ್ದರು. ಉಳಿದ ಆರು ಜನ ನನ್ನ ಮುಖ ನೋಡಿದರು. “ಉಳಿದದ್ದು ಎಲ್ಲೈತಿ?” ಎಂದು ನಾನು ಲಾರಿಯಲ್ಲಿ ಹುಡುಕಿದೆ. ವಾಯರಮನ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಟನ್ ಅಂದ್ರ ತೂಕ ಅಲ್ರಿ, ತಂಪಿನ ಲೆಕ್ಕ!” ತಂಪನ್ನು ಟನ್ನಿನಲ್ಲಿ ಅಳೆದರೆ ಸೆಕೆಯನ್ನು ಯಾವುದರಲ್ಲಿ ಅಳೆಯುತ್ತಾರೆ? ಹಾಗಾದರೆ ಅರಳೆಯ ಗತಿ? ನನಗೊಂದೂ ತಿಳಿಯಲಿಲ್ಲ.

ಕಿಟಕಿಗೆ ಕೂಡಿಸಿದ ಏಸಿ ಮಧ್ಯಾಹ್ನದವರೆಗೆ ಚೆನ್ನಾಗಿ ನಡೆಯಿತು. ಬಿಸಿಲು ಪಡುವಣಕ್ಕೆ ಹೊರಳಿದ್ದೇ ತಡ, ಫ್ಯೂಜು ಢಂ ಎಂದಿತು. ವಾಯರಮನ್ ಹೊಸದು ಹಾಕಿದ, ಹೋಯಿತು. ಮತ್ತೆ ಹಾಕಿದ, ಮತ್ತೆ ಹೋಯಿತು. ಅಷ್ಟರಲ್ಲಿ ಸಾಹುಕಾರರೂ ಬಂದರು.

“ಇದು ಒಳಗಿನ ಸೆಕಿ ಹೊರಗ ಹಾಕೋ ಮಷಿನ್ ರೀ” ಎಂದ ವಾಯರಮನ್, ಆಗಷ್ಟೇ ಮೊದಲ ಸಲ ಕಿಟಕಿಯ ಹೊರಬದಿಗೆ ಬಂದು ನೋಡಿ. “ಹೊರಗಿನ ಬಿಸಿಲು ಏರಿದಷ್ಟೂ ಹೆಚ್ಚು ಕರೆಂಟ್ ಎಳೀತೈತಿ. ಗ್ವಾಡಿ ನೋಡ್ರಿ, ಕಾದು ಹಂಚಾಗೇತಿ. ನೆರಳೈತಿ ಅಂತನ ಈ ಕಿಟಕಿ ಆರಿಸಿದ್ದೆ. ಇಲ್ಲೊಂದು ಬೇವಿನ ಗಿಡ ಇತ್ತಲ್ಲ, ಎಲ್ಲಿ ಹೋತ್ರಿ?”

ಸಾಹುಕಾರರು ಕಡಿದ ಗಿಡದ ಬೊಡ್ಡೆಯನ್ನು ನೋಡಿದರು, ಆಮೇಲೆ ನನ್ನನ್ನು. “ನಾಳೆ ಮಿಲ್ಲಿನವರು ಬರೂದ್ರಾಗ ಮಷಿನ್ನಿಗೆ ನೆರಳು ಬೇಕು. ಇಲ್ಲಂದ್ರ ನೀವೂ ಹೊರಗ” ಎಂದರು.

ಬೇರೆ ದಾರಿ ಇರಲಿಲ್ಲ. ರಸ್ತೆ ದಾಟಿ ಖಾದರಸಾಬರ ಮುಂದೆ ಕೈಕಟ್ಟಿ ನಿಂತೆ.

“ಒಂದು ದೊಡ್ಡ ಛತ್ರಿ ಬೇಕಾಗಿತ್ರಿ.”

“ಯಾರಿಗ್ರಿ?”

“ಮಷಿನ್ನಿಗೆ.”

ಅವರು ಚಸ್ಮಾ ತೆಗೆದು ಒರೆಸಿಕೊಂಡು, ಒಮ್ಮೆ ಬೊಡ್ಡೆಯ ಕಡೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: “ಎಷ್ಟು ಟನ್ ನೆರಳು ಬೇಕ್ರೀ, ಗುಮಾಸ್ತರ?”

ನೋಡಿದ್ದನ್ನೆಲ್ಲ ಕಣ್ಣಿನಲ್ಲೇ ತೂಗುತ್ತಿದ್ದ ನನಗೆ ಆ ತೂಕವೊಂದನ್ನು ಮಾತ್ರ ಹೇಳಲಾಗಲಿಲ್ಲ.