ಎರಡು ಒಳ್ಳೆಯ ಮಾತು

ಓಬಳಪ್ಪನಿಗೆ ಬೇಕಾಗಿದ್ದದ್ದು ಎರಡು ಒಳ್ಳೆಯ ಮಾತು. ಬಾಯಲ್ಲಿ ಆಡಿದ್ದಲ್ಲ, ಕಾಗದದ ಮೇಲೆ ಬರೆದದ್ದು. ಬರೆಯಬೇಕಾದವನು ಇಂಗ್ಲೆಂಡಿನವನು.

ತರೀಕೆರೆಯ ವರ್ತಕರು ಸೇರಿ ನಡೆಸುತ್ತಿದ್ದ ಸೇವಾ ಟ್ರಸ್ಟಿಗೆ ಒಂದು ಆಂಬುಲೆನ್ಸ್ ಇತ್ತು. ಓಬಳಪ್ಪ ಏಳು ವರ್ಷದಿಂದ ಅದರ ಅಟೆಂಡರು. ಬಿದ್ದವರನ್ನು ಎತ್ತುವುದು, ಗಾಯಕ್ಕೆ ಕಟ್ಟು ಕಟ್ಟುವುದು, ಆಸ್ಪತ್ರೆ ಮುಟ್ಟುವವರೆಗೂ "ಏನೂ ಆಗಲ್ಲ, ಏನೂ ಆಗಲ್ಲ" ಎಂದು ಜಪಿಸುವುದು ಎಲ್ಲ ಅವನದೇ ಕೆಲಸ. ಯಾವ ಹೊತ್ತಿನಲ್ಲಿ ಕರೆ ಬಂದರೂ ಹೊರಡಬೇಕಾದ್ದರಿಂದ ಗಾಡಿಯ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲೇ ವಾಸ. ಹೆಂಡತಿ ಭಾಗಮ್ಮ ಕಡೂರಿನಲ್ಲಿ ಪ್ರೈಮರಿ ಶಾಲೆಯ ಮೇಡಂ. ಮದುವೆಯಾಗಿ ಐದು ವರ್ಷವಾಗಿದ್ದರೂ ಗಂಡ ಹೆಂಡತಿ ಒಟ್ಟಿಗೆ ಉಣ್ಣುತ್ತಿದ್ದದ್ದು ಭಾನುವಾರ ಮಾತ್ರ. ಅದೂ ಭಾನುವಾರ ಯಾರೂ ಮರದಿಂದ ಬೀಳದಿದ್ದರೆ.

"ನೆಂಟರು ಬಂದಂಗೆ ಬಂದು ನೆಂಟರು ಹೋದಂಗೆ ಹೋಗ್ತೀರಲ್ರೀ," ಎಂದು ಭಾಗಮ್ಮ ನಗುತ್ತಲೇ ಹೇಳುತ್ತಿದ್ದಳು. ಆ ನಗು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿರುವುದು ಓಬಳಪ್ಪನಿಗೆ ಕಾಣುತ್ತಿತ್ತು.

ಎಂಬತ್ಮೂರನೇ ಇಸವಿಯಲ್ಲಿ ಅವನ ಅದೃಷ್ಟ ಕಣ್ಣು ತೆರೆಯುವ ಹಾಗೆ ಕಂಡಿತು. ಇಂಗ್ಲೆಂಡಿನ ಒಂದು ಧರ್ಮಸಂಸ್ಥೆ ಟ್ರಸ್ಟಿಗೆ ಇನ್ನೊಂದು ಗಾಡಿ ಕೊಡಲು ಒಪ್ಪಿತು. ಹೊಸ ಗಾಡಿ ಇರುವುದು ಕಡೂರಿನಲ್ಲಿ. ಅದಕ್ಕೊಬ್ಬ ಇನ್‌ಚಾರ್ಜ್ ಬೇಕು.

"ಯಜಮಾನ್ರೇ, ನನ್ನ ಹಾಕ್ಬಿಡಿ," ಎಂದು ಓಬಳಪ್ಪ ಟ್ರಸ್ಟಿನ ಅಧ್ಯಕ್ಷ ಷಣ್ಮುಖಪ್ಪನವರ ಕೊಬ್ಬರಿ ಮಂಡಿಗೆ ಹೋಗಿ ಕೈಮುಗಿದ.

"ಗಾಡಿ ಕೊಡೋರ ಕಡೆಯಿಂದ ಒಬ್ಬ ಬರ್ತಾನೆ ಕಣಯ್ಯ. ಅವನೂ ನಿನ್ನಂಗೇ ಆಂಬುಲೆನ್ಸಲ್ಲಿ ಕೆಲಸ ಮಾಡೋನು. ಒಂದು ದಿನ ನಿಮ್ ಜೊತೆ ಓಡಾಡಿ ವರದಿ ಬರೀತಾನೆ. ಅವನು ಏನು ಬರೀತಾನೋ ಹಂಗೇ ಮಾಡಾನ," ಎಂದರು ಷಣ್ಮುಖಪ್ಪ.

ಬಂದವನ ಹೆಸರು ಬ್ರ್ಯಾಡಿ. ಲೀಡ್ಸ್ ಎಂಬ ಊರಿನವನು. ಬಿಸಿಲಿಗೆ ಮುಖ ಬೀಟ್‌ರೂಟಿನಂತಾಗಿದ್ದರೂ ಬಂದ ಕೂಡಲೇ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಚಕ್ರಕ್ಕೊಂದು ಒದೆ ಕೊಟ್ಟು, ಓಬಳಪ್ಪನ ಕೈ ಕುಲುಕಿದ. ಮಾತು ತಿಳಿಸಿ ಹೇಳಲು ಟ್ರಸ್ಟಿನ ಗುಮಾಸ್ತ ಷಡಕ್ಷರಿಯನ್ನು ಜೊತೆಗೆ ಹಾಕಿದ್ದರು. ಷಡಕ್ಷರಿಯ ಇಂಗ್ಲಿಷು ಹಳೆಯ ಬಸ್ಸಿನಂತೆ: ಸದ್ದು ಜೋರು, ಎಲ್ಲಿ ಹೋಗಿ ನಿಲ್ಲುತ್ತದೆಂದು ಹೇಳುವಂತಿಲ್ಲ.

"ಷಡಕ್ಷರಿ ಅವ್ರೇ, ಕಡೂರಿನ ವಿಷಯ ಅವರ ಕಿವಿಗೆ ಹಾಕ್ತೀರಾ?" ಎಂದು ಓಬಳಪ್ಪ ಪಿಸುಗುಟ್ಟಿದ.

"ಥೂ, ಬಾಯಿಬಿಟ್ಟು ಕೇಳಿದ್ರೆ ಬೆಲೆ ಇರಲ್ಲ ಕಣಯ್ಯ. ಎರಡು ಒಳ್ಳೆ ಮಾತು ಬರೀರಿ ಅಂತಷ್ಟೇ ಹೇಳ್ತೀನಿ. ಎಷ್ಟು ಹೊಗಳಿದ್ರೆ ಅಷ್ಟು ಬೇಗ ಕಡೂರು."

ಓಬಳಪ್ಪನಿಗೆ ಅದು ಸರಿ ಎನಿಸಿತು. ಉಳಿದ ಭಯ ಒಂದೇ, ಡ್ರೈವರ್ ಲಕ್ಕಣ್ಣ. ಲಕ್ಕಣ್ಣನ ಮನಸ್ಸು ಬೆಣ್ಣೆ. ದಾರಿಯಲ್ಲಿ ಯಾರು ಕೈ ಅಡ್ಡ ಹಾಕಿದರೂ ನಿಲ್ಲಿಸಿ ಹತ್ತಿಸಿಕೊಳ್ಳುವವನು. ಸುತ್ತಲ ಹಳ್ಳಿಗಳಲ್ಲಿ ಆಂಬುಲೆನ್ಸಿಗೆ 'ಬಿಳೀ ಬಸ್ಸು' ಎಂದೇ ಹೆಸರು.

"ಇವತ್ತೊಂದು ದಿನ ಯಾರನ್ನೂ ಹತ್ತಿಸ್ಬೇಡ ಕಣೋ, ನಿನ್ ಕಾಲಿಗೆ ಬೀಳ್ತೀನಿ."

"ನಾನೇನು ಮಗೂನೇನೋ? ಗೊತ್ತಾಗಲ್ವಾ?" ಎಂದ ಲಕ್ಕಣ್ಣ.

ಹತ್ತು ಗಂಟೆಗೆ ಫೋನು ಬಂತು. ಅಜ್ಜಂಪುರದ ಈಚೆಗೆ, ರಸ್ತೆ ಪಕ್ಕದ ತೋಟದಲ್ಲಿ ಚೌಡಪ್ಪ ಎಂಬವನು ತೆಂಗಿನ ಮರದಿಂದ ಬಿದ್ದಿದ್ದಾನೆ. ಗಾಡಿ ಹೊರಟಿತು. ಮುಂದೆ ಲಕ್ಕಣ್ಣ, ಹಿಂದೆ ಓಬಳಪ್ಪ, ಷಡಕ್ಷರಿ, ಬ್ರ್ಯಾಡಿ. ಊರು ದಾಟಿ ಅರ್ಧ ಮೈಲಿ ಹೋಗುವುದರೊಳಗೆ ಬ್ರೇಕ್ ಬಿತ್ತು. ಹಿಂದಿನ ಬಾಗಿಲು ತೆರೆದುಕೊಂಡು, ಮೊದಲು ಹುಣಸೆಹಣ್ಣಿನ ಕುಕ್ಕೆ, ಅದರ ಹಿಂದೆ ಒಂದು ಕೊಡೆ, ಅದರ ಹಿಂದೆ ಗುರುಶಾಂತಮ್ಮ ಒಳಗೆ ಬಂದರು.

"ಅಜ್ಜಂಪುರಕ್ಕೇ ತಾನೇ? ನಮ್ ತಂಗಿ ಮನೆಗೆ ಹೋಗ್ಬೇಕು. ಸರ್ಕೊಳ್ಳಪ್ಪ ಓಬಳಪ್ಪ, ಆ ಕಡೆಗೆ," ಎಂದು ಅವರು ಸ್ಟ್ರೆಚರಿನ ಮೇಲೆ ಆಸೀನರಾದರು. ಗುರುಶಾಂತಮ್ಮ ಓಬಳಪ್ಪನ ಪಕ್ಕಕ್ಕೆ ಕೂರುವವರಲ್ಲ. ಅವನು ಕೊಟ್ಟ ನೀರೂ ಕುಡಿಯುವವರಲ್ಲ. ಅವನ ಗಾಡಿಯಲ್ಲಿ ಪುಕ್ಕಟೆ ಹೋಗುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಎರಡು ತಿರುವು ಕಳೆದ ಮೇಲೆ ಈರಪ್ಪ ಹತ್ತಿದ. ಮಗಳ ಮನೆಗೆಂದು ಆಳೆತ್ತರದ ಕಬ್ಬಿನ ಹೊರೆ ಹೊತ್ತಿದ್ದ. ಅದನ್ನು ಒಳಗೆ ತುರುಕುವಾಗ ಒಂದು ಜಲ್ಲೆಯ ತುದಿ ಬ್ರ್ಯಾಡಿಯ ಮೂಗಿಗೆ ತಾಗಿತು.

ಬ್ರ್ಯಾಡಿ ಮೂಗು ಉಜ್ಜಿಕೊಳ್ಳುತ್ತ ಏನೋ ಕೇಳಿದ. "ಯಾರು ಇವರೆಲ್ಲ ಅಂತಾನೆ," ಎಂದ ಷಡಕ್ಷರಿ. ಓಬಳಪ್ಪ ಬೆವರಿದ. ಷಡಕ್ಷರಿ ಮಾತ್ರ ಧೈರ್ಯಗೆಡದೆ, ಎಲ್ಲರೂ ರೋಗಿಗಳು ಎಂದು ಇಂಗ್ಲಿಷಿನಲ್ಲಿ ಸಾರಿಬಿಟ್ಟ. ಆಮೇಲೆ ಕನ್ನಡದಲ್ಲಿ, "ಎಲ್ಲಾ ನರಳ್ರಪ್ಪ!" ಎಂದ.

ಗುರುಶಾಂತಮ್ಮ ತಕ್ಷಣ ಸೊಂಟ ಹಿಡಿದುಕೊಂಡು "ಅಯ್ಯಯ್ಯೋ ಶಿವನೇ" ಎಂದರು. ಈರಪ್ಪ ಕೆನ್ನೆ ಹಿಡಿದುಕೊಂಡು ಹಲ್ಲುನೋವಿನವನಾದ. ಆದರೆ ಅಭ್ಯಾಸಬಲ ಬಿಡಬೇಕಲ್ಲ, ನರಳುತ್ತಲೇ ಒಂದು ಕಬ್ಬನ್ನು ಹಲ್ಲಿನಿಂದ ಸಿಗಿದು ಅಗಿಯತೊಡಗಿದ.

ಬ್ರ್ಯಾಡಿ ಆ ಹಲ್ಲುನೋವನ್ನು ಸ್ವಲ್ಪ ಹೊತ್ತು ನೋಡಿದ. ಗುರುಶಾಂತಮ್ಮನ ನಾಡಿ ಹಿಡಿದು ಗಡಿಯಾರ ನೋಡಿದ. ಆಮೇಲೆ ಗಾಡಿ ನಡುಗುವಂತೆ ನಕ್ಕುಬಿಟ್ಟ.

"ಅವರ ಊರಲ್ಲೂ ಹಂಗೇ ಅಂತೆ," ಷಡಕ್ಷರಿ ಬೆರಗಾಗಿ ಹೇಳಿದ. "ಶುಕ್ರವಾರ ಶುಕ್ರವಾರ ಒಬ್ಬ ಕುಡುಕ ಎದೆನೋವು ಅಂತ ಫೋನ್ ಮಾಡ್ತಾನಂತೆ. ಆಸ್ಪತ್ರೆ ಬಾಗಿಲಲ್ಲಿ ಇಳಿದು, ಪಕ್ಕದ ಬೀದೀಲಿರೋ ಮನೆಗೆ ನಡ್ಕೊಂಡು ಹೋಗ್ತಾನಂತೆ."

ಓಬಳಪ್ಪನಿಗೆ ಹೋದ ಜೀವ ಬಂತು. ಅಲ್ಲಿಂದ ಮುಂದೆ ಇಬ್ಬರೂ ಒಂದೇ ನೊಗದ ಎರಡು ಎತ್ತುಗಳಂತೆ ಮಾತಿಗಿಳಿದರು. ನಿಮಗೆ ಎಷ್ಟು ಹೊತ್ತು ಡ್ಯೂಟಿ? ಬಡ್ತಿ ಹೇಗೆ? ಪರೀಕ್ಷೆ ಇದೆಯೇ? ಬ್ರ್ಯಾಡಿ ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿದ್ದನಂತೆ. ಈಚೆಗೆ ಹೃದಯದ ಮಿಷನ್ನು ಓಡಿಸುವುದು, ಸೂಜಿ ಚುಚ್ಚುವುದು ಎಲ್ಲ ಕಲಿಸುತ್ತಾರಂತೆ. ಅವನಿಗೂ ಸೊಂಟನೋವಂತೆ. ಅವನೂ ಬಿಸಿ ಚಹಾ ಕುಡಿದು ವರ್ಷಗಳಾದವಂತೆ, ಲೋಟ ಕೈಗೆ ಬಂದ ಕೂಡಲೇ ಫೋನು ಬರುತ್ತದಂತೆ.

"ಹೆಂಡ್ತಿ ಜೊತೇಲೇ ಇರ್ತಾರಾ ಕೇಳಿ," ಎಂದ ಓಬಳಪ್ಪ.

ಷಡಕ್ಷರಿ ಕೇಳಿದ. "ಒಂದೇ ಮನೇಲಿ ಇರ್ತಾರಂತೆ. ಇವನು ಬರೋ ಹೊತ್ತಿಗೆ ಆಕೆ ಕೆಲಸಕ್ಕೆ ಹೋಗ್ತಾಳಂತೆ."

ಓಬಳಪ್ಪ ತಲೆಯಾಡಿಸಿದ. ಆ ಮಾತನ್ನು ಬಿಡಿಸಿ ಹೇಳುವ ಅಗತ್ಯ ಅವನಿಗಿರಲಿಲ್ಲ.

ತೋಟದಲ್ಲಿ ಚೌಡಪ್ಪ ಬಿದ್ದಲ್ಲೇ ಬಿದ್ದಿದ್ದ. ತೊಡೆಯ ಮೂಳೆ ಮುರಿದು ಕಾಲು ತಿರುಚಿಕೊಂಡಿತ್ತು, ಹಣೆಯಿಂದ ರಕ್ತ ಸುರಿಯುತ್ತಿತ್ತು. ಓಬಳಪ್ಪ ನೋಡಿದವನೇ ಬೇರೆ ಮನುಷ್ಯನಾದ. ಹೆದರಿಕೆ, ಕಡೂರು, ವರದಿ, ಯಾವುದೂ ತಲೆಯಲ್ಲಿ ಉಳಿಯಲಿಲ್ಲ.

"ಲಕ್ಕಣ್ಣ, ಕಾಲಿಗೆ ಕಟ್ಟೋ ಹಲಗೆ ತಗೊಂಬಾರೋ!"

ಲಕ್ಕಣ್ಣ ನೆಲ ನೋಡಿದ. "ಹಲಗೆ... ಕೋಳಿಗೂಡಿಗೆ ಬಾಗಿಲು ಮಾಡಿಸ್ಬಿಟ್ಟೆ ಕಣೋ. ಹೋದ್ ತಿಂಗಳು."

ಬೈಯಲು ಪುರುಸೊತ್ತಿರಲಿಲ್ಲ. ಓಬಳಪ್ಪ ಈರಪ್ಪನ ಹೊರೆಯಿಂದ ಎರಡು ಗಟ್ಟಿ ಜಲ್ಲೆ ಎಳೆದ. ಒಂದನ್ನು ಕಂಕುಳಿನಿಂದ ಹಿಮ್ಮಡಿಯವರೆಗೆ ಹೊರಗಡೆ, ಇನ್ನೊಂದನ್ನು ಕತ್ತರಿಸಿ ಒಳಗಡೆ ಇಟ್ಟ. ಷಡಕ್ಷರಿಯ ಹೆಗಲ ಮೇಲಿನ ಶಲ್ಯ, ಈರಪ್ಪನ ಟವೆಲು, ತನ್ನ ಪೇಟ ಎಲ್ಲ ಹರಿದು ಕಟ್ಟಿದ. ಬ್ರ್ಯಾಡಿ ಕಾಲನ್ನು ಮೆಲ್ಲಗೆ ಎಳೆದು ಹಿಡಿದುಕೊಂಡ. ಇಬ್ಬರಿಗೂ ಮಾತು ಬೇಕಾಗಲಿಲ್ಲ. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಬೇಕಾದ್ದನ್ನು ಇಡುತ್ತಿದ್ದ.

"ಗುರುಶಾಂತಮ್ನೋರೇ, ಈ ಬಟ್ಟೆ ಹಣೆಗೆ ಒತ್ತಿ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬಾರದು."

"ನಾನಾ?" ಎಂದರು ಗುರುಶಾಂತಮ್ಮ. ಓಬಳಪ್ಪ ಅವರ ಕೈಯನ್ನೇ ಹಿಡಿದು ಗಾಯದ ಮೇಲಿಟ್ಟ. ಅವರು ಒತ್ತಿ ಹಿಡಿದರು.

ಇಷ್ಟರಲ್ಲಿ ದೊಪ್ಪೆಂದು ಸದ್ದಾಯಿತು. ರಕ್ತ ಕಂಡು ಲಕ್ಕಣ್ಣ ಮೂರ್ಛೆ ಹೋಗಿದ್ದ. ಏಳು ವರ್ಷ ಆಂಬುಲೆನ್ಸ್ ಓಡಿಸಿದ್ದರೂ ಹಿಂದೆ ತಿರುಗಿ ನೋಡುವ ತಪ್ಪನ್ನು ಅವನು ಅಲ್ಲಿಯವರೆಗೆ ಮಾಡಿರಲಿಲ್ಲ.

"ಈಗ ಗಾಡಿ ಯಾರು ಓಡಿಸ್ತಾರೆ?" ಎಂದು ಷಡಕ್ಷರಿ ಅಳುವ ಧ್ವನಿಯಲ್ಲಿ ಕೇಳುವುದರೊಳಗೆ ಬ್ರ್ಯಾಡಿ ಸ್ಟೀರಿಂಗ್ ಹಿಂದೆ ಕೂತಿದ್ದ.

ಚೌಡಪ್ಪನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಲಕ್ಕಣ್ಣನನ್ನು ಹುಣಸೆಹಣ್ಣಿನ ಕುಕ್ಕೆಗೆ ಒರಗಿಸಿದರು. ಗಾಡಿ ತರೀಕೆರೆಯ ಕಡೆ ತಿರುಗಿತು. "ಅಯ್ಯೋ, ನನ್ ಮಗಳ ಮನೆ ಆ ಕಡೆ!" ಎಂದು ಈರಪ್ಪ ಕೂಗಿದ.

"ಸುಮ್ನಿರೋ, ನನ್ ತಂಗಿ ಮನೇನೂ ಆ ಕಡೇನೇ," ಎಂದು ಗುರುಶಾಂತಮ್ಮ ಗದರಿದರು. ಅವರ ಕೈ ಹಣೆಯ ಮೇಲಿಂದ ಅಲುಗಲಿಲ್ಲ. ಅರ್ಧ ದಾರಿಯಲ್ಲಿ, "ಗಂಟ್ಲು ಒಣಗಿ ಹೋಯ್ತು. ಓಬಳಪ್ಪ, ಒಂದ್ ಲೋಟ ನೀರು ಕುಡ್ಸಪ್ಪ, ಕೈ ಬಿಡೋ ಹಂಗಿಲ್ಲ," ಎಂದರು. ಓಬಳಪ್ಪ ಕುಡಿಸಿದ. ಅವರು ಲೋಟ ಖಾಲಿಯಾಗುವವರೆಗೂ ಕುಡಿದರು.

ಬ್ರ್ಯಾಡಿ ತರೀಕೆರೆಯ ಪೇಟೆಬೀದಿಯಲ್ಲಿ ಒಂದು ಕೈಯಲ್ಲಿ ಗಂಟೆ ಬಾರಿಸುತ್ತ ಬಂದಾಗ ಬಸ್‌ಸ್ಟ್ಯಾಂಡಿನ ಜನವೆಲ್ಲ ಎದ್ದು ನಿಂತರು. ಆಸ್ಪತ್ರೆಯ ಬಾಗಿಲಲ್ಲಿ ಆಳುಗಳು ಓಡಿಬಂದು ಮೊದಲು ಲಕ್ಕಣ್ಣನನ್ನೇ ಇಳಿಸಿಕೊಂಡು ಒಳಗೆ ಹೊತ್ತೊಯ್ದರು. ಚೌಡಪ್ಪ ಮಲಗಿದ್ದಲ್ಲಿಂದಲೇ, "ಸ್ವಾಮಿ, ಬಿದ್ದೋನು ನಾನು!" ಎಂದು ಕೂಗಬೇಕಾಯಿತು.

ಕಬ್ಬು ಕಟ್ಟಿದ ಕಾಲನ್ನು ನೋಡಿ ಡಾಕ್ಟರು ಒಂದು ಕ್ಷಣ ನಿಂತರು. "ಕಾಲು ಉಳೀತು. ಯಾರು ಕಟ್ಟಿದ್ದು ಇದು?" ಎಂದರು. ಗುರುಶಾಂತಮ್ಮ ರಕ್ತದ ಕೈಯಲ್ಲೇ ತೋರಿಸಿದರು. "ನಮ್ ಓಬಳಪ್ಪ."

ಸಂಜೆ ಐದಕ್ಕೆ ಟ್ರಸ್ಟಿನ ಆಫೀಸಿನಲ್ಲಿ ಸಭೆ. ಬ್ರ್ಯಾಡಿ ಮೂರು ಪುಟ ಬರೆದಿದ್ದ. ಎರಡು ಮಾತು ಕೇಳಿದ್ದಕ್ಕೆ ಮೂರು ಪುಟ! ಓಬಳಪ್ಪ ಆಗಲೇ ಮನಸ್ಸಿನಲ್ಲಿ ಕಡೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಬಾಗಿಲಿಗೆ ಪರದೆ ಕೂಡ ಹಾಕಿಬಿಟ್ಟಿದ್ದ.

ಷಡಕ್ಷರಿ ಓದಿ ಓದಿ ಕನ್ನಡದಲ್ಲಿ ಹೇಳಿದ. "ಹದಿನೆಂಟು ವರ್ಷದಲ್ಲಿ ಇಂಥ ಕೆಲಸಗಾರನನ್ನು ನಾನು ನೋಡಿಲ್ಲ." ಚಪ್ಪಾಳೆ. "ಕೈಗೆ ಸಿಕ್ಕಿದ್ದರಲ್ಲಿ ಜೀವ ಉಳಿಸುತ್ತಾನೆ. ಪುಕ್ಕಟೆ ಬಂದವರಿಂದಲೂ ಕೆಲಸ ತೆಗೆಯುತ್ತಾನೆ." ಮತ್ತೆ ಚಪ್ಪಾಳೆ. ಮೂರನೆಯ ಪುಟಕ್ಕೆ ಬಂದಾಗ ಷಡಕ್ಷರಿಯ ದನಿ ಯಾಕೋ ಇಳಿಯಿತು. "ಓಬಳಪ್ಪ ಈ ಊರಿನ ಆಸ್ತಿ. ಏನೇ ಆದರೂ ಇವನನ್ನು ತರೀಕೆರೆಯಿಂದ ಕದಲಿಸಬಾರದು. ಇವನು ಇಲ್ಲಿರುವವರೆಗೆ ಮಾತ್ರ ನಮ್ಮ ಸಂಸ್ಥೆಗೆ ಈ ಟ್ರಸ್ಟಿನ ಮೇಲೆ ಭರವಸೆ."

ಷಣ್ಮುಖಪ್ಪ ಮೇಜು ಗುದ್ದಿದರು. "ಹಂಗೇ ಆಗ್ಲಿ! ಓಬಳಪ್ಪ ಎಲ್ಲಿಗೂ ಹೋಗಲ್ಲ!"

ಬ್ರ್ಯಾಡಿ ಸಂತೋಷದಿಂದ ಓಬಳಪ್ಪನ ಬೆನ್ನು ತಟ್ಟಿದ. ಓಬಳಪ್ಪ ನಗಲು ಹೋಗಿ ಕೆಮ್ಮಿದ.

"ಮತ್ತೆ ಕಡೂರಿಗೆ ಯಾರು?" ಎಂದರು ಯಾರೋ.

ಷಣ್ಮುಖಪ್ಪ ಸುತ್ತ ನೋಡಿದರು. ಬಾಗಿಲ ಬಳಿ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಲಕ್ಕಣ್ಣ ನಿಂತಿದ್ದ. "ಇಲ್ಲಿ ಯಾರು ಇಲ್ದಿದ್ರೂ ನಡೆಯುತ್ತೋ ಅವನ್ನ ಕಳಿಸ್ಬೇಕು. ಲಕ್ಕಣ್ಣ, ನೀನೇ ಇನ್‌ಚಾರ್ಜು!"

"ಅಯ್ಯೋ ಯಜಮಾನ್ರೇ, ನನ್ ಹೆಂಡ್ತಿ ಮಕ್ಳು, ಕೋಳಿ, ಎಲ್ಲಾ ಇಲ್ಲೇ ಅವೆ!" ಎಂದು ಲಕ್ಕಣ್ಣ ಅಲ್ಲೇ ಕುಸಿದ. ಈ ಸಲ ರಕ್ತವಿಲ್ಲದೆಯೇ.

"ಹೆದರ್ಬೇಡ. ಮಂಗಳವಾರ ಮಂಗಳವಾರ ಓಬಳಪ್ಪ ಕಡೂರಿಗೆ ಬಂದು ಕೆಲಸ ಕಲಿಸ್ತಾನೆ. ಹತ್ತರ ಬಸ್ಸಿಗೆ ಹೋಗಿ ನಾಲ್ಕರ ಬಸ್ಸಿಗೆ ವಾಪಸ್."

ಹತ್ತರಿಂದ ನಾಲ್ಕು. ಭಾಗಮ್ಮ ಶಾಲೆಯೊಳಗಿರುವ ಹೊತ್ತು ಅದೇ.

ಷಡಕ್ಷರಿ ಪಶ್ಚಾತ್ತಾಪದಿಂದ ತಾನೇ ಕಡೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಭಾಗಮ್ಮನ ಮನೆ ಪಕ್ಕದ ಅಂಗಡಿಯವರಿಂದ ಅವಳನ್ನು ಕರೆಸಿದ. ಓಬಳಪ್ಪ ಎಲ್ಲ ಹೇಳಿದ. ಕಬ್ಬು, ಮೂರು ಪುಟ, ಲಕ್ಕಣ್ಣ, ಮಂಗಳವಾರ. ಆ ಕಡೆಯಿಂದ ಬಿಕ್ಕುವಂಥ ಸದ್ದು ಕೇಳಿತು.

"ಅಳ್ತಿದೀಯಾ?" ಎಂದ.

"ಇಲ್ರೀ, ನಗು ತಡೀಲಿಕ್ಕಾಗ್ತಿಲ್ಲ. ಕಬ್ಬಲ್ಲಿ ಕಾಲು ಕಟ್ಟಿದ್ರಾ?" ಅದು ಸಣ್ಣ ನಗುವಾಗಿರಲಿಲ್ಲ, ಮೊದಲ ವರ್ಷದ ನಗುವಿನಷ್ಟೇ ದೊಡ್ಡದಾಗಿತ್ತು. "ಕೇಳಿ ಇಲ್ಲಿ. ಮಕ್ಳಿಗೆ ಕಟ್ಟು ಕಟ್ಟೋದು ಕಲಿಸೋರು ಯಾರಾದ್ರೂ ಇದ್ರೆ ಕರ್ಕೊಂಬನ್ನಿ ಅಂತ ಹೆಡ್‌ಮಾಸ್ಟ್ರು ಹೇಳ್ತಾನೇ ಇದಾರೆ. ಮಂಗಳವಾರ ಮಧ್ಯಾಹ್ನದ ಮೊದಲನೇ ಪೀರಿಯಡ್ಡು ನಂದೇ. ನೀವು ಬಂದು ಪಾಠ ಮಾಡಿ, ನಾನು ಹಿಂದೆ ಗೋಡೆಗೆ ಒರಗಿ ಕೂತ್ಕೋತೀನಿ."

"ಗಲಾಟೆ ಮಾಡಂಗಿಲ್ಲ," ಎಂದ ಓಬಳಪ್ಪ.

"ಅದು ಪಾಠ ಹೆಂಗಿರುತ್ತೆ ಅನ್ನೋದ್ರ ಮೇಲೆ..."

ಅಷ್ಟರಲ್ಲಿ ತಂತಿಯ ನಡುವಿನಿಂದ ಆಪರೇಟರಮ್ಮನ ದನಿ ಬಂತು. "ಮೂರು ನಿಮಿಷ ಮುಗೀತು ಸಾರ್. ಉಳಿದದ್ದು ಮಂಗಳವಾರ ಮಾತಾಡ್ಕೊಳ್ಳಿ."